ಸ್ಥಳೀಯ ಸಾಫ್ಟ್‌ವೇರ್ ಸಮ್ಮೇಳನ: ಬಿಡುವಿನ ವೇಳೆಯಿಂದಲೇ ಯೋಜನೆ ಆರಂಭಿಸಿ

ಸುಮಾರು ನೂರು ಜನರ ಸಾಫ್ಟ್‌ವೇರ್ ಬಳಗಕ್ಕಾಗಿ ಒಂದು ದಿನದ ಸಮ್ಮೇಳನ ಏರ್ಪಡಿಸಬೇಕೆಂದಿದ್ದೀರಿ. ಅದು ಬರಿಯ ಉಪನ್ಯಾಸಗಳ ಸಾಲಾಗದೆ ಬಂದವರಿಗೆ ಖುಷಿ ಕೊಡಬೇಕಾದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಇಂಥ ಕೆಲವು ಕಾರ್ಯಕ್ರಮಗಳ ಸಂಘಟನೆಯಲ್ಲಿ ದುಡಿದ ಅನುಭವದಿಂದ ಹೇಳುವುದಾದರೆ, ಆಟಗಳನ್ನೋ ಬಹುಮಾನಗಳನ್ನೋ ನಡುವೆ ತುರುಕಿದ ಮಾತ್ರಕ್ಕೆ ಸಮ್ಮೇಳನಕ್ಕೆ ಕಳೆ ಬರುವುದಿಲ್ಲ. ಬಂದವರಿಗೆ ಪರಸ್ಪರ ಮಾತನಾಡಲು ಎಷ್ಟು ಹೊತ್ತು ಸಿಕ್ಕಿತು, ಯಾರ ಪರಿಚಯವೂ ಇಲ್ಲದೆ ಬಂದವರಿಗೆ ಮಾತಿಗಿಳಿಯುವುದು ಎಷ್ಟು ಸುಲಭವಾಯಿತು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಆದ್ದರಿಂದ ವೇಳಾಪಟ್ಟಿ ಹಾಕಲು ಕುಳಿತಾಗ ಮೊದಲು ಬಿಡುವಿನ ವೇಳೆಗಳನ್ನು ಗುರುತಿಸಿ, ಉಳಿದ ಜಾಗದಲ್ಲಿ ಉಪನ್ಯಾಸಗಳನ್ನು ಕೂರಿಸಿ.

ಹತ್ತು ನಿಮಿಷದ ಬಿಡುವು ಬಿಡುವೇ ಅಲ್ಲ. ನೂರು ಜನ ಸಭಾಂಗಣದಿಂದ ಹೊರಬರುವಷ್ಟರಲ್ಲಿ ಅದರ ಅರ್ಧ ಮುಗಿದಿರುತ್ತದೆ, ಮಾತು ಕುದುರುವ ಹೊತ್ತಿಗೆ ಒಳಗೆ ಬನ್ನಿ ಎಂಬ ಕರೆ ಬಂದಿರುತ್ತದೆ. ಅರ್ಧ ಗಂಟೆಯಾದರೂ ಕೊಡಿ. ಈ ಗಾತ್ರದ ಸಮ್ಮೇಳನಕ್ಕೆ ಬೆಳಗಿನ ಹೊತ್ತು ಒಂದೇ ವೇದಿಕೆ ಸಾಕು. ಎಲ್ಲರೂ ಒಂದೇ ಉಪನ್ಯಾಸವನ್ನು ಕೇಳಿದ್ದರೆ ಹೊರಗೆ ಬಂದಾಗ ಅಪರಿಚಿತರ ನಡುವೆಯೂ ಮಾತಿಗೆ ಒಂದು ವಿಷಯ ಸಿದ್ಧವಾಗಿರುತ್ತದೆ. ಇಪ್ಪತ್ತೈದು ನಿಮಿಷಗಳ ನಾಲ್ಕು ಉಪನ್ಯಾಸಗಳಿದ್ದರೆ ಬೆಳಗು ತುಂಬುತ್ತದೆ.

ಮಧ್ಯಾಹ್ನವನ್ನು ಬಂದವರ ಕೈಗೇ ಒಪ್ಪಿಸಿಬಿಡಿ ಎಂಬುದು ನನ್ನ ಸಲಹೆ. ಇದು ಹೊಸ ಪ್ರಯೋಗವೇನಲ್ಲ. ಅಮೆರಿಕದ ಸಂಘಟನಾ ಸಲಹೆಗಾರ ಹ್ಯಾರಿಸನ್ ಓವನ್ 1980ರ ದಶಕದಲ್ಲಿ ರೂಪಿಸಿದ ಓಪನ್ ಸ್ಪೇಸ್ ಪದ್ಧತಿಯಲ್ಲಿ ಕಾರ್ಯಸೂಚಿಯನ್ನು ಸೇರಿದವರೇ ಸ್ಥಳದಲ್ಲಿ ಸಿದ್ಧಪಡಿಸುತ್ತಾರೆ. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಬಾರ್‌ಕ್ಯಾಂಪ್ ಎಂಬ ತಂತ್ರಜ್ಞಾನ ಕೂಟ ಇದೇ ಬಗೆಯದು, 2009ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಮೊದಲುಗೊಂಡ, ಸಾಫ್ಟ್‌ವೇರ್ ಬರೆಯುವವರನ್ನೂ ಅದನ್ನು ನಡೆಸುವವರನ್ನೂ ಒಟ್ಟಿಗೆ ಸೇರಿಸುವ ಡೆವ್‌ಆಪ್ಸ್‌ಡೇಸ್ ಸಮ್ಮೇಳನಗಳೂ ಮೊದಲೇ ಆರಿಸಿದ ಉಪನ್ಯಾಸಗಳ ಜೊತೆಗೆ ಓಪನ್ ಸ್ಪೇಸ್ ಚರ್ಚೆಗಳನ್ನು ಇಟ್ಟುಕೊಂಡು ಬಂದಿವೆ. ನಡೆಸುವ ಕ್ರಮ ಸರಳವಾಗಿದೆ. ಗೋಡೆಯ ಮೇಲೆ ದೊಡ್ಡ ಕಾಗದವೊಂದನ್ನು ಅಂಟಿಸಿ, ಅಡ್ಡಕ್ಕೆ ಕೊಠಡಿಗಳನ್ನೂ ಉದ್ದಕ್ಕೆ ಸಮಯವನ್ನೂ ಬರೆದು ಚೌಕಗಳನ್ನು ಖಾಲಿ ಬಿಡಿ. ಚರ್ಚೆ ಬಯಸುವವರು ವಿಷಯವನ್ನು ಚೀಟಿಯಲ್ಲಿ ಬರೆದು, ಸಭೆಯೆದುರು ಒಂದೇ ವಾಕ್ಯದಲ್ಲಿ ಹೇಳಿ, ತಮಗೆ ಬೇಕಾದ ಚೌಕದಲ್ಲಿ ಅಂಟಿಸುತ್ತಾರೆ. ಒಂದೇ ಬಗೆಯ ಎರಡು ಚೀಟಿಗಳಿದ್ದರೆ ಬರೆದವರ ಒಪ್ಪಿಗೆ ಪಡೆದು ಕೂಡಿಸಬಹುದು. ಕುಳಿತ ಚರ್ಚೆಯಿಂದ ತನಗೂ ಲಾಭವಿಲ್ಲ, ತನ್ನಿಂದ ಚರ್ಚೆಗೂ ಲಾಭವಿಲ್ಲ ಎನಿಸಿದವರು ಸಂಕೋಚವಿಲ್ಲದೆ ಎದ್ದು ಬೇರೆ ಕೊಠಡಿಗೆ ಹೋಗಬಹುದು ಎಂಬ ಎರಡು ಕಾಲುಗಳ ನಿಯಮವನ್ನು ಆರಂಭದಲ್ಲೇ ಗಟ್ಟಿಯಾಗಿ ಹೇಳಿಬಿಡಿ. ಹೇಳದಿದ್ದರೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಕುಳಿತೇ ಇರುತ್ತಾರೆ. ಮೊದಲ ಚೀಟಿ ಹಿಡಿದು ಮುಂದೆ ಬರಲು ಎಲ್ಲರೂ ಹಿಂಜರಿಯುವುದರಿಂದ, ಮೂರ್ನಾಲ್ಕು ಜನರಿಗೆ ವಿಷಯ ಯೋಚಿಸಿಕೊಂಡು ಬರುವಂತೆ ಹಿಂದಿನ ದಿನವೇ ಹೇಳಿಟ್ಟಿರುವುದು ಮೋಸವಲ್ಲ, ಮುಂದಾಲೋಚನೆ.

ಊಟದ ನಂತರದ ತೂಕಡಿಕೆಯ ಹೊತ್ತಿಗೆ ಲೈಟ್ನಿಂಗ್ ಟಾಕ್‌ಗಳನ್ನು, ಅಂದರೆ ಐದು ನಿಮಿಷದ ಚುಟುಕು ಉಪನ್ಯಾಸಗಳನ್ನು ಇಡಿ. ಇನ್ನಷ್ಟು ಬಿಗಿ ಬೇಕಿದ್ದರೆ, 2006ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಇಗ್ನೈಟ್ ಎಂಬ ಚುಟುಕು ಉಪನ್ಯಾಸ ಕಾರ್ಯಕ್ರಮದ ಮಾದರಿಯಲ್ಲಿ 20 ಸ್ಲೈಡ್‌ಗಳು, ಒಂದೊಂದಕ್ಕೆ 15 ಸೆಕೆಂಡು, ತಾವಾಗಿಯೇ ಮುಂದೆ ಸರಿಯುತ್ತವೆ. ಮಾತಿಗೂ ಸ್ಲೈಡಿಗೂ ನಡೆಯುವ ಓಟದ ಪೈಪೋಟಿಯೇ ಸಭೆಯನ್ನು ನಗಿಸುತ್ತದೆ. ಸಮಯ ಮುಗಿದೊಡನೆ ಇಡೀ ಸಭೆ ಚಪ್ಪಾಳೆ ತಟ್ಟಬೇಕೆಂದು ಮೊದಲೇ ಹೇಳಿಟ್ಟರೆ, ಮಾತು ನಿಲ್ಲಿಸಿ ಎನ್ನುವ ನಿಷ್ಠುರದ ಕೆಲಸ ನಿರೂಪಕರಿಗೆ ತಪ್ಪುತ್ತದೆ.

ಹೊಸಬರ ವಿಷಯದಲ್ಲಿ ಎರಡು ಚಿಕ್ಕ ಸಂಗತಿಗಳು ನಿರೀಕ್ಷೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ಮೊದಲನೆಯದು ಸಾಫ್ಟ್‌ವೇರ್ ಡೆವಲಪರ್ ಎರಿಕ್ ಹೋಲ್‌ಷರ್ ಪ್ರಚಾರಕ್ಕೆ ತಂದ, ಬಾಯಿ ತೆರೆದ ವೃತ್ತದಂತಿರುವ ವಿಡಿಯೊ ಗೇಮ್ ಪಾತ್ರದ ಹೆಸರಿನ ಪ್ಯಾಕ್‌ಮ್ಯಾನ್ ನಿಯಮ: ಗುಂಪಾಗಿ ನಿಂತು ಮಾತನಾಡುವಾಗ ವೃತ್ತವನ್ನು ಮುಚ್ಚದೆ ಒಬ್ಬರು ಬಂದು ಸೇರುವಷ್ಟು ಜಾಗ ಬಿಟ್ಟಿರಬೇಕು, ಆ ಜಾಗ ತುಂಬಿದಾಗ ಮತ್ತೆ ಸರಿದು ಇನ್ನೊಂದು ಜಾಗ ಮಾಡಬೇಕು. ಉದ್ಘಾಟನೆಯ ಮಾತಿನಲ್ಲಿ ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಎರಡನೆಯದು ಕೊರಳಿಗೆ ಹಾಕುವ ಹೆಸರಿನ ಚೀಟಿ. ದಾರದಲ್ಲಿ ತೂಗುವ ಚೀಟಿ ಸದಾ ಹಿಂದುಮುಂದಾಗಿಯೇ ತಿರುಗಿಕೊಳ್ಳುವುದರಿಂದ, ಎರಡೂ ಬದಿಗೆ ಹೆಸರನ್ನು ಎರಡು ಮಾರು ದೂರಕ್ಕೆ ಕಾಣುವಷ್ಟು ದಪ್ಪಕ್ಷರದಲ್ಲಿ ಮುದ್ರಿಸಿ. ಸಮ್ಮೇಳನದ ಲಾಂಛನ ಚಿಕ್ಕದಾದರೂ ನಷ್ಟವಿಲ್ಲ.

ಉಪನ್ಯಾಸಗಳಿಗೆ ಆಹ್ವಾನವನ್ನು ಮೂರು ತಿಂಗಳು ಮೊದಲೇ ಪ್ರಕಟಿಸಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ; ಮೊದಲ ಬಾರಿ ಮಾತನಾಡುವವರು ತಾವಾಗಿ ಅರ್ಜಿ ಹಾಕುವುದು ಕಡಿಮೆ, ಇಂಥ ಕೆಲಸ ಮಾಡಿದ್ದೀರಲ್ಲ, ಅದರ ಬಗ್ಗೆ ಹೇಳಿ ಎಂದು ಹೆಸರು ಹಿಡಿದು ಕೇಳಿದರೆ ಒಪ್ಪುತ್ತಾರೆ. ಅವರಿಗೆ ಸಮ್ಮೇಳನಕ್ಕೆ ವಾರ ಮೊದಲು ಒಂದು ತಾಲೀಮು ಏರ್ಪಡಿಸಿ. ಹಿಂದಿನ ಸಂಜೆ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ಪರದೆಯ ಮೇಲಿನ ಕೋಡ್ ಓದಿ ನೋಡಿ. ಕಷ್ಟವಾದರೆ ಅಕ್ಷರ ದೊಡ್ಡದಾಗಬೇಕು ಮತ್ತು ಕಪ್ಪು ಹಿನ್ನೆಲೆ ಹೋಗಿ ಬಿಳಿ ಬರಬೇಕು. ನೇರ ಪ್ರಾತ್ಯಕ್ಷಿಕೆ ಮಾಡುವವರೆಲ್ಲ ಅದರ ಒಂದು ರೆಕಾರ್ಡಿಂಗ್ ಇಟ್ಟುಕೊಂಡಿರಲಿ, ಏಕೆಂದರೆ ಸಭಾಂಗಣದ ವೈಫೈ ನೂರು ಫೋನುಗಳ ಹೊರೆಯನ್ನು ತಾಳುವ ಭರವಸೆಯಿಲ್ಲ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಕೈಗೆ ಬಂದ ಹಣಕ್ಕೆ ತಕ್ಕಂತೆ ಖರ್ಚು ಮಾಡಿ, ಮಾತು ಕೊಟ್ಟವರ ಹಣವನ್ನು ಲೆಕ್ಕಕ್ಕೆ ಸೇರಿಸಬೇಡಿ. ಪ್ರವೇಶ ಪೂರ್ತಿ ಉಚಿತವಾದರೆ ನೋಂದಾಯಿಸಿದವರಲ್ಲಿ ಅನೇಕರು ಬರುವುದೇ ಇಲ್ಲ. ಸಣ್ಣ ಶುಲ್ಕವಿಟ್ಟು, ವಿದ್ಯಾರ್ಥಿಗಳಿಗೂ ಕೆಲಸ ಹುಡುಕುತ್ತಿರುವವರಿಗೂ ಕೇಳಿದೊಡನೆ ವಿನಾಯಿತಿ ಕೊಡಿ. ಪ್ರಾಯೋಜಕರಿಗೆ ಮೇಜು ಕೊಡಿ, ವೇದಿಕೆ ಕೊಡಬೇಡಿ; ಜಾಹೀರಾತಿನ ಉಪನ್ಯಾಸವೊಂದು ಬೆಳಗಿನ ಹುರುಪನ್ನೆಲ್ಲ ಇಳಿಸಿಬಿಡುತ್ತದೆ. ನಡವಳಿಕೆಯ ನಿಯಮಗಳನ್ನು ಪ್ರಕಟಿಸುವುದಷ್ಟೇ ಅಲ್ಲದೆ, ದೂರು ಬಂದರೆ ಕೇಳುವ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆಯನ್ನೂ ಬಾಗಿಲಲ್ಲೇ ಕಾಣುವಂತೆ ಹಾಕಿ; ಆ ಇಬ್ಬರಿಗೆ ಅಂದು ಬೇರಾವ ಜವಾಬ್ದಾರಿಯೂ ಇರಬಾರದು.

ಅಭಿಪ್ರಾಯ ಸಂಗ್ರಹವನ್ನು ಮರುದಿನದ ಇಮೇಲಿಗೆ ಬಿಟ್ಟರೆ ಉತ್ತರಿಸುವವರು ಬೆರಳೆಣಿಕೆಯಷ್ಟೇ. ದಿನದ ಕೊನೆಯ ಚರ್ಚೆ ಮುಗಿದು ಜನ ಕುರ್ಚಿಯಿಂದ ಏಳುವ ಮೊದಲೇ ಚೀಟಿಗಳನ್ನು ಹಂಚಿ, ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಮುಂದಿನ ಸಲ ಸಂಘಟನೆಗೆ ಕೈಜೋಡಿಸುತ್ತೀರಾ ಎಂಬ ಮೂರೇ ಪ್ರಶ್ನೆಗಳನ್ನು ಕೇಳಿ. ಮೂರನೆಯದಕ್ಕೆ ಹೌದು ಎಂದವರಿಗೆ ಅದೇ ವಾರ ಫೋನ್ ಮಾಡಿ.