ಮೇಕೆ ತೊಳೆಯೋಕೆ ಎಂಎಸ್ಸಿ ಬೇಕಾ?

ಓದುಗರ ಪತ್ರ: ಮಗಳು ಅಮೆರಿಕದ ಒಹಾಯೋದಲ್ಲಿ ಕೃಷಿ ಎಂಎಸ್ಸಿ ಓದುತ್ತಿದ್ದಾಳೆ. ಈ ಬೇಸಿಗೆ ಅಲ್ಲಿನ ಕೃಷಿ ವಿಸ್ತರಣಾ ಕಚೇರಿ ನಡೆಸುವ ಫೋರ್-ಎಚ್ ಮಕ್ಕಳ ಶಿಬಿರದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಫೋನ್ ಮಾಡಿದರೆ ‘ಬೆಳಿಗ್ಗೆ ಮೇಕೆ ತೊಳೆದೆವು, ರಾತ್ರಿ ಬೆಂಕಿ ಸುತ್ತ ಹಾಡು ಹೇಳಿಸಿದೆ’ ಅನ್ನುತ್ತಾಳೆ. ಇಷ್ಟು ಓದಿಸಿದ್ದು ಇದಕ್ಕಾ? ಲ್ಯಾಬ್‌ನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಅಲ್ವಾ?
(ಹೆಸರು ಬೇಡ ಎಂದಿರುವ ತಾಯಿ)

ಸಂಪಾದಕರ ಉತ್ತರ:

ಮೇಡಂ, ಮೊದಲೇ ಹೇಳಿಬಿಡುತ್ತೇನೆ, ನಾನು ಪಕ್ಷಪಾತಿ. ಪತ್ರಿಕೆಗೆ ಬರುವ ಮುಂಚೆ ನಾನೂ ಅದೇ ರಾಜ್ಯದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದು ಬೇಸಿಗೆ ಇದೇ ಕೆಲಸ ಮಾಡಿದ್ದೆ. ಸಂಬಳ ಕಮ್ಮಿ, ಸೊಳ್ಳೆ ಜಾಸ್ತಿ. ಮನೆ ನೆನಪಾಗಿ ರಾತ್ರಿ ಎರಡಕ್ಕೆ ಅಳುವ ಎಂಟು ವರ್ಷದ ಹುಡುಗನನ್ನು ಸಮಾಧಾನ ಮಾಡುವುದು ಹೇಗೆಂದು ಯಾವ ಪಠ್ಯದಲ್ಲೂ ಇರಲಿಲ್ಲ.

ಆದರೆ ಇದನ್ನು ಮಕ್ಕಳಾಟ ಅಂದುಕೊಳ್ಳಬೇಡಿ. ಅಲ್ಲಿನ ಕೃಷಿ ವಿಸ್ತರಣೆ, ಅಂದರೆ ಕಾಲೇಜಿನ ಕೃಷಿ ವಿದ್ಯೆಯನ್ನು ರೈತರಿಗೆ ಮುಟ್ಟಿಸುವ ಕೆಲಸ, ಬೇರು ಬಿಟ್ಟಿದ್ದರಲ್ಲಿ ಮಕ್ಕಳದ್ದು ದೊಡ್ಡ ಪಾಲು. ಹೊಸ ಬೀಜ, ಹೊಸ ಪದ್ಧತಿ ಅಂತ ಕಾಲೇಜಿನವರು ಹೇಳಿದರೆ ವಯಸ್ಸಾದ ರೈತರು ಸುಮ್ನೆ ತಲೆಯಾಡಿಸಿ ಹೋಗುತ್ತಿದ್ದರು. 1902ರಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ನಿಮ್ಮ ಮಗಳಿರುವ ಒಹಾಯೋದಲ್ಲೇ, ಕ್ಲಾರ್ಕ್ ಕೌಂಟಿಯಲ್ಲಿ, ಮಕ್ಕಳ ಕೃಷಿ ಕ್ಲಬ್ ಶುರು ಮಾಡಿದರು. ಆಮೇಲೆ ಊರೂರಲ್ಲಿ ಜೋಳದ ಕ್ಲಬ್‌ಗಳು ಹುಟ್ಟಿದವು. 1910ರಲ್ಲಿ ಸೌತ್ ಕೆರೊಲಿನಾದ ಜೆರ್ರಿ ಮೂರ್ ಎಂಬ ಹುಡುಗ ಒಂದೇ ಎಕರೆಯಲ್ಲಿ 228 ಬುಶೆಲ್‌ಗೂ ಜಾಸ್ತಿ ಮೆಕ್ಕೆಜೋಳ ಬೆಳೆದ. ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಲ್! ಅಪ್ಪಂದಿರು ಆಮೇಲೆ ತಲೆಯಾಡಿಸಲಿಲ್ಲ, ಬೇಲಿ ಹತ್ತಿರ ಬಂದು ನೋಡಿದರು. ಅದೇ ವರ್ಷ ಅದೇ ರಾಜ್ಯದಲ್ಲಿ ಮೇರಿ ಕ್ರೋಮರ್ ಎಂಬ ಟೀಚರ್ ಹುಡುಗಿಯರಿಗಾಗಿ ಟೊಮ್ಯಾಟೊ ಕ್ಲಬ್ ಕಟ್ಟಿದರು. ಒಬ್ಬೊಬ್ಬಳಿಗೆ ಎಕರೆಯ ಹತ್ತನೇ ಒಂದು ಪಾಲು, ಅಂದರೆ ನಾಲ್ಕು ಗುಂಟೆ. ಹಣ್ಣು ಬೆಳೆದು, ಡಬ್ಬಿಗೆ ತುಂಬಿ, ಮಾರಿ, ದುಡ್ಡು ಎಣಿಸಿದ್ದು ಆ ಹುಡುಗಿಯರೇ. ಸ್ಮಿತ್-ಲೀವರ್ ಕಾಯ್ದೆ ಬಂದು ವಿಸ್ತರಣೆ ದೇಶದ ವ್ಯವಸ್ಥೆಯಾದದ್ದು ಇದೆಲ್ಲ ಆದ ಮೇಲೆ, 1914ರಲ್ಲಿ.

ಈ ಕ್ಲಬ್‌ಗಳೇ ಮುಂದೆ ಫೋರ್-ಎಚ್ ಆದವು. ಫೋರ್-ಎಚ್ ಅಂದರೆ ತಲೆ, ಹೃದಯ, ಕೈ, ಆರೋಗ್ಯ. ಇಂಗ್ಲಿಷಿನಲ್ಲಿ ನಾಲ್ಕೂ ‘ಎಚ್’ನಿಂದ ಶುರುವಾಗುತ್ತವೆ. ಅಲ್ಲಿ ಜಾಸ್ತಿ ದುಡಿಯುವುದು ಕೈ, ಅಷ್ಟು ಗೊತ್ತಿದ್ದರೆ ಸಾಕು.

ಈಗ ಮೇಕೆಗೆ ಬರೋಣ. ತೊಳೆಯುವುದು ಕೌಂಟಿ ಮೇಳದ ತಯಾರಿ. ಅಲ್ಲಿ ಮಗು ತಾನೇ ಸಾಕಿದ ಮೇಕೆಯನ್ನು ಹಿಡಿದು ತೀರ್ಪುಗಾರರ ಮುಂದೆ ನಡೆಸಬೇಕು. ಮೇಕೆಗೂ ತೀರ್ಪುಗಾರರಿಗೂ ನಡುವೆ ತಾನು ಅಡ್ಡ ಬರಬಾರದು. ಅವರು ಆ ಕಡೆ ಹೋದರೆ ಮಗು ಈ ಕಡೆ ಜರುಗಬೇಕು, ಮೇಕೆ ಅಲುಗಬಾರದು. ಏನು ತಿನ್ನಿಸುತ್ತೀಯ, ತೂಕ ಎಷ್ಟು, ಯಾಕೆ ಈ ತಳಿ ಅಂತ ಕೇಳಿದರೆ ತಡವರಿಸಬಾರದು. ನಮ್ಮ ವೈವಾ ಪರೀಕ್ಷೆಯಲ್ಲಿ ಕೈಯಲ್ಲಿ ಹಗ್ಗವಾದರೂ ಇರಲಿಲ್ಲ!

ಇದರ ಜೊತೆ ಲೆಕ್ಕದ ಪುಸ್ತಕವೂ ಇರುತ್ತದೆ. ಮರಿ ಕೊಂಡ ಬೆಲೆ, ಮೇವು, ಔಷಧಿ, ದಿನಕ್ಕೆ ಎಷ್ಟು ತೂಕ ಏರಿತು, ಎಲ್ಲವನ್ನೂ ಮಗುವೇ ಬರೆಯಬೇಕು. ಒಂದು ಮಧ್ಯಾಹ್ನ ಹತ್ತು ವರ್ಷದ ಹುಡುಗಿಯೊಬ್ಬಳು ಪೆನ್ಸಿಲ್ ಕಚ್ಚುತ್ತಾ ಬಂದು ಕೇಳಿದಳು: ‘ದಿನಾ ಬೆಳಿಗ್ಗೆ ನಾನು ಎದ್ದು ಮೇವು ಹಾಕ್ತೀನಲ್ಲ, ಅದಕ್ಕೆ ಎಷ್ಟು ಅಂತ ಬರೀಲಿ?’ ನಾನು ಬಾಯಿ ಬಿಡಲಿಲ್ಲ. ಸಣ್ಣ ರೈತರ ಖರ್ಚು-ಆದಾಯದ ಮೇಲೆ ಆಗಲೇ ಅರ್ಧ ಪ್ರಬಂಧ ಬರೆದು ಮುಗಿಸಿದ್ದೆ. ಮನೆಯವರ ದುಡಿಮೆಗೆ ಅದರಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ವಾಪಸ್ ಹೋಗಿ ಆ ಅಧ್ಯಾಯ ಪೂರ್ತಿ ತಿದ್ದಿದೆ. ಗೈಡ್‌ಗೆ ಕಾರಣ ಹೇಳೋಕೆ ಮಾತ್ರ ಧೈರ್ಯ ಬರಲಿಲ್ಲ.

ಎಲ್ಲಾ ಚೆನ್ನ ಅಂತಲ್ಲ. ಮೇಳದ ಕೊನೆಗೆ ಹರಾಜಿರುತ್ತದೆ. ಬೇಸಿಗೆಯೆಲ್ಲ ಹೆಸರಿಟ್ಟು ಕರೆದ ಮೇಕೆ ಲಾರಿ ಹತ್ತುತ್ತದೆ, ಮಗು ಕುತ್ತಿಗೆ ತಬ್ಬಿಕೊಂಡು ಬಿಡುವುದಿಲ್ಲ. ಅದು ಸರಿಯಾದ ಪಾಠವಾ ಅಂತ ನನಗೆ ಇವತ್ತಿಗೂ ಅನುಮಾನವಿದೆ. ಆ ದಿನ ನಿಮ್ಮ ಮಗಳು ಫೋನಿನಲ್ಲಿ ಸಪ್ಪೆಯಾಗಿದ್ದರೆ ಲ್ಯಾಬ್ ವಿಷಯ ಎತ್ತಬೇಡಿ.

ಲ್ಯಾಬ್ ಎಲ್ಲಿಗೂ ಓಡಿಹೋಗುವುದಿಲ್ಲ. ಸದ್ಯಕ್ಕೆ ಮುಂದಿನ ಸಲ ಅವಳು ಸಿಕ್ಕಾಗ ‘ಮೇಕೆ ತೂಕ ಎಷ್ಟಾಯ್ತು?’ ಅಂತ ಕೇಳಿ ನೋಡಿ. ಪೌಂಡಿನಲ್ಲಿ ಹೇಳುತ್ತಾಳೆ, 2.2ರಿಂದ ಭಾಗಿಸಿಕೊಳ್ಳಿ.