ರಾಜ್ಯಸಭೆಗೆ 45 ಓಟಿನ ಲೆಕ್ಕ

ರಾಜ್ಯಸಭೆಗೆ ನಾವ್ಯಾಕೆ ಓಟು ಹಾಕಲ್ಲ, ಚುನಾವಣೆ ಬಂದಾಗ ‘45 ಶಾಸಕರು ಸಾಕು’ ಅನ್ನೋದು ಯಾವ ಲೆಕ್ಕ ಅಂತ ಕೇಳಿದ್ದೀರಿ.

ಲೋಕಸಭೆಯ 543 ಸದಸ್ಯರನ್ನು ನಾವೇ ನೇರವಾಗಿ ಆರಿಸುತ್ತೇವೆ. ರಾಜ್ಯಸಭೆಯಲ್ಲಿ 245 ಸ್ಥಾನ. 12 ಜನರನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಉಳಿದವರನ್ನು ನಾವು ಗೆಲ್ಲಿಸಿದ ಶಾಸಕರು ಆರಿಸುತ್ತಾರೆ. ವಿಧಾನ ಪರಿಷತ್ತಿನವರಿಗೆ ಇಲ್ಲಿ ಓಟಿಲ್ಲ. ಇದು ಜಾಸ್ತಿ ಜನರಿಗೆ ಗೊತ್ತಿರಲ್ಲ.

ಕರ್ನಾಟಕಕ್ಕೆ ಒಟ್ಟು 12 ಸೀಟು. ಅವಧಿ 6 ವರ್ಷ, ಆದರೆ ಎಲ್ಲರೂ ಒಟ್ಟಿಗೆ ನಿವೃತ್ತರಾಗಲ್ಲ. ಹಾಗಾಗಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ 4 ಸೀಟಿಗೆ ಚುನಾವಣೆ.

ಈಗ ಲೆಕ್ಕ. 224 ಶಾಸಕರೂ ಓಟು ಹಾಕಿದರು ಅಂದುಕೊಳ್ಳಿ. ಒಂದು ಓಟಿನ ಬೆಲೆ 100, ಒಟ್ಟು 22,400. ಸೀಟಿನ ಸಂಖ್ಯೆಗೆ ಒಂದು ಸೇರಿಸಿ, ಅಂದರೆ 5ರಿಂದ ಭಾಗಿಸಿ. ಬಂದಿದ್ದಕ್ಕೆ 1 ಕೂಡಿಸಿದರೆ 4,481. 44 ಓಟಿಗೆ 4,400 ಆಗುತ್ತದೆ, ಸಾಲಲ್ಲ. ಅದಕ್ಕೇ 45.

ಒಂದು ಪಕ್ಷಕ್ಕೆ 135 ಶಾಸಕರಿದ್ದರೆ ಮೂರು ಸೀಟು ಸಲೀಸು. ರೆಸಾರ್ಟು, ಬಸ್ಸು, ಫೋನ್ ಕಿತ್ಕೊಳ್ಳೋದು ಎಲ್ಲಾ ಶುರುವಾಗೋದು ಲೆಕ್ಕ ಕೂಡದ ಕೊನೆಯ ಸೀಟಿಗೆ! ಅಲ್ಲಿ ಎರಡನೇ ಪ್ರಾಶಸ್ತ್ಯದ ಓಟುಗಳಿಗೂ ಬೆಲೆ ಬರುತ್ತದೆ. ಶಾಸಕರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಬರೆಯುತ್ತಾರೆ. ಗೆದ್ದವರಿಗೆ ಹೆಚ್ಚಾಗಿ ಬಿದ್ದ ಓಟು ಮುಂದಿನ ಹೆಸರಿಗೆ ಹೋಗುತ್ತದೆ.

2003ರಿಂದ ಗುಟ್ಟಿನ ಮತದಾನವೂ ಇಲ್ಲ. ಪಕ್ಷದ ಶಾಸಕರು ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮುಂಚೆ ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಬೇರೆ ಪಕ್ಷದ ಏಜೆಂಟರಿಗೆ ತೋರಿಸಿದರೆ ಓಟೇ ರದ್ದು.