ಸ್ವಯಂಸೇವಕರು ನಡೆಸುವ ಓಪನ್ ಸೋರ್ಸ್ ಪ್ರಾಜೆಕ್ಟ್‌ನ ವೆಬ್‌ಸೈಟನ್ನು ಹೊಸದಾಗಿ ಕಟ್ಟುವುದು ಹೇಗೆ?

ನೀವು ಎರಡು ವಿಷಯ ಕೇಳಿದ್ದೀರಿ. ನಿಮ್ಮ ಪ್ರಾಜೆಕ್ಟ್‌ನ ಸೈಟ್ ಇನ್ನೂ ಡ್ರೂಪಲ್ 7 ಎಂಬ ಹಳೆಯ ವೆಬ್‌ಸೈಟ್ ತಂತ್ರಾಂಶದಲ್ಲಿದೆ, ಹೊಸದಕ್ಕೆ ಯಾವ ಫ್ರೇಮ್‌ವರ್ಕ್, ಅಂದರೆ ಸೈಟ್ ಕಟ್ಟುವ ತಂತ್ರಾಂಶ, ಒಳ್ಳೆಯದು ಅನ್ನೋದು ಒಂದು. ಪುಣೆಯಲ್ಲಿ ಇಂಥ ಕೆಲಸಕ್ಕೆ ಕೈಜೋಡಿಸುವವರು ಸಿಗುತ್ತಾರಾ ಅನ್ನೋದು ಇನ್ನೊಂದು. ನಾನು ಪುಣೆಯ ಕೊಥ್ರೂಡ್‌ನಲ್ಲೇ ಇದ್ದೇನೆ. ಕನ್ನಡದ ಒಂದು ಸಣ್ಣ ನಿಘಂಟು ತಂತ್ರಾಂಶವನ್ನು ನಾವು ಕೆಲವು ಗೆಳೆಯರು ಬಿಡುವಿನಲ್ಲಿ ನಡೆಸುತ್ತೇವೆ. ಅದರ ಸೈಟನ್ನು ಬುಡದಿಂದ ಕಟ್ಟಿದ್ದೇವೆ.

ಫ್ರೇಮ್‌ವರ್ಕ್ ಪ್ರಶ್ನೆ ಸ್ವಲ್ಪ ಕಾಯಲಿ. ಸೈಟ್ ಕಟ್ಟಿದವರು ಕೆಲಸ ಬದಲಿಸಿ ಬೇರೆ ಊರಿಗೆ ಹೋದ ಮೇಲೆ, ಹೊಸಬರೊಬ್ಬರು ಬಂದು ಒಂದು ಸಾಲು ತಿದ್ದಲು ಆಗುತ್ತಾ? ಮೊದಲು ಇದನ್ನು ಕೇಳಿಕೊಳ್ಳಿ. ಸಂಬಳವಿಲ್ಲದ ಕೆಲಸದಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಅದು ಯಾರ ತಪ್ಪೂ ಅಲ್ಲ. ಸೈಟ್ ಅದಕ್ಕೆ ತಯಾರಾಗಿರಬೇಕು, ಅಷ್ಟೆ.

ಹಾಗಾಗಿ ಕೋಡ್ ಮುಟ್ಟುವ ಮೊದಲು ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ ನೋಡಿ. ನಮ್ಮದು ಹಳೆಯ ಸದಸ್ಯರೊಬ್ಬರ ಸ್ವಂತ ಇಮೇಲ್‌ನಲ್ಲಿತ್ತು. ಅವರು ವಿದೇಶಕ್ಕೆ ಹೋಗಿ, ಆ ಇಮೇಲ್ ನೋಡುವುದನ್ನೇ ಬಿಟ್ಟಿದ್ದರು. ಡಾಟ್ ಆರ್ಗ್ ಹೆಸರೊಂದು ನವೀಕರಣವಾಗದೆ ರದ್ದಾದರೆ, ಹಳೆಯ ಮಾಲೀಕರಿಗೆ ಅದನ್ನು ಬಿಡಿಸಿಕೊಳ್ಳಲು 30 ದಿನ ಸಿಗುತ್ತದೆ. ಅದಕ್ಕೆ ಶುಲ್ಕವೂ ಜಾಸ್ತಿ. ಅದಾಗಿ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ನಿಮ್ಮದೇ ಹೆಸರಿನಲ್ಲಿ ವೈರಸ್ ಇರುವ ಫೈಲ್ ಹಂಚಿದರೆ, ನಂಬಿ ಡೌನ್‌ಲೋಡ್ ಮಾಡಿದವರ ಗತಿ ಏನು? ಡೊಮೇನ್, ಹೋಸ್ಟಿಂಗ್, ಕೋಡ್ ಇಡುವ ಖಾತೆ, ಈ ಮೂರಕ್ಕೂ ಕನಿಷ್ಠ ಇಬ್ಬರ ಕೈಯಲ್ಲಿ ಕೀಲಿ ಇರಲಿ.

ಈಗ ಫ್ರೇಮ್‌ವರ್ಕ್. ಡ್ರೂಪಲ್ 7ರ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ಮುಗಿದಿದೆ, ಬಿಡಲೇಬೇಕು. ಡ್ರೂಪಲ್‌ನ ಈಗಿನ ಆವೃತ್ತಿಗೆ ಹೋಗುವುದೂ ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ ಹಾಗೆಯೇ. ನಿಮ್ಮಲ್ಲಿ ಲಾಗಿನ್ ಇಲ್ಲ, ವ್ಯಾಪಾರ ಇಲ್ಲ. ಸ್ಟ್ಯಾಟಿಕ್ ಸೈಟ್, ಅಂದರೆ ಮೊದಲೇ ತಯಾರಿಸಿಟ್ಟ ಪುಟಗಳ ಸೈಟ್, ಸಾಕು. ಡೇಟಾಬೇಸ್ ಇರಲ್ಲ, ಪ್ರತಿ ತಿಂಗಳೂ ಪ್ಯಾಚ್ ಹಾಕುವ ತಲೆನೋವು ಇರಲ್ಲ. ಇಂಥ ಸೈಟ್ ತಯಾರಿಸುವ ತಂತ್ರಾಂಶಗಳಲ್ಲಿ ಜೆಕಿಲ್ ಮತ್ತು ಹ್ಯೂಗೋ ಎರಡು. ಜೆಕಿಲ್‌ಗೆ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು. ಹ್ಯೂಗೋ ಒಂದೇ ಫೈಲ್, ವಿಂಡೋಸ್ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಯೂ ಇಳಿಸಿಕೊಂಡು ಓಡಿಸಬಹುದು. ನಾವು ಹ್ಯೂಗೋ ಆರಿಸಿದೆವು. ಪುಟಗಳೆಲ್ಲ ಮಾರ್ಕ್‌ಡೌನ್ ಎಂಬ ಸರಳ ಪಠ್ಯ ರೂಪದಲ್ಲಿ ಇರುವುದರಿಂದ, ಏನೂ ಇನ್‌ಸ್ಟಾಲ್ ಮಾಡದೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಪೆನ್ಸಿಲ್ ಗುರುತು ಒತ್ತಿಯೇ ತಿದ್ದುಪಡಿ ಕಳಿಸಬಹುದು. ನಮಗೆ ಬಂದ ಒಳ್ಳೆಯ ತಿದ್ದುಪಡಿಗಳಲ್ಲಿ ಹೆಚ್ಚಿನವು ಹಾಗೇ ಬಂದವು.

ಹಳೆಯ ಲಿಂಕ್‌ಗಳನ್ನು ಮಾತ್ರ ದಯವಿಟ್ಟು ಕೊಲ್ಲಬೇಡಿ. ವಿಕಿಪೀಡಿಯ, ಲಿನಕ್ಸ್ ವಿತರಣೆಗಳ ಪ್ಯಾಕೇಜ್ ಪುಟಗಳು, ಯಾರೋ ಎಂದೋ ಬರೆದ ಲೇಖನಗಳು, ಎಲ್ಲಕ್ಕೂ ಗೊತ್ತಿರುವುದು ಹಳೆಯ ವಿಳಾಸವೇ. ಸರ್ವರ್ ಲಾಗ್‌ನಿಂದ, ಹಳೆಯ ವೆಬ್‌ಪುಟಗಳ ಪ್ರತಿ ಇಡುವ ವೇಬ್ಯಾಕ್ ಮಷೀನ್‌ನಿಂದ ಹಳೆಯ ವಿಳಾಸಗಳ ಪಟ್ಟಿ ತೆಗೆಯಿರಿ. ಒಂದೊಂದಕ್ಕೂ 301 ರೀಡೈರೆಕ್ಟ್ ಕೊಡಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಸೂಚನೆ. ಇಲ್ಲೊಂದು ವಿಷಯ ಗಮನಿಸಿ: ಗಿಟ್‌ಹಬ್‌ನ ಹೋಸ್ಟಿಂಗ್ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಪುಟಪುಟಕ್ಕೂ ನಿಜವಾದ 301 ಕೊಡಲು ಆಗುವುದಿಲ್ಲ. ಅಂಥದ್ದೇ ಸೇವೆಗಳಾದ ನೆಟ್ಲಿಫೈ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಾದರೆ ಒಂದು ಪಠ್ಯ ಫೈಲ್‌ನಲ್ಲಿ ಬರೆದಿಟ್ಟರೆ ಸಾಕು. ರೀಡೈರೆಕ್ಟ್‌ಗಳನ್ನು ಕನಿಷ್ಠ 1 ವರ್ಷ ಇಡಿ ಅನ್ನುತ್ತದೆ ಗೂಗಲ್. ನನ್ನನ್ನು ಕೇಳಿದರೆ ತೆಗೆಯುವುದೇ ಬೇಡ.

ನಿಮ್ಮ ಸೈಟಿನಲ್ಲಿ ಕನ್ನಡ ಪುಟಗಳೂ ಇವೆ ಅಂದಿದ್ದೀರಿ. ಜಾಸ್ತಿ ಸಮಯ ಹೋಗುವುದು ಇಲ್ಲೇ. ಹಳೆಯ ಪಠ್ಯ 'ನುಡಿ' ಅಥವಾ 'ಬರಹ' ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದರೆ, ಈಗ ಎಲ್ಲೆಡೆ ಬಳಸುವ ಯುನಿಕೋಡ್‌ಗೆ ತರಬೇಕು. ಪರಿವರ್ತಕಗಳು ಇವೆ, ಆದರೆ ಸುಮ್ನೆ ನಂಬಬೇಡಿ. ಅರ್ಕಾವತ್ತು ಹಳೆಯ ಪದ್ಧತಿಯಲ್ಲಿ ಅಕ್ಷರದ ನಂತರ ಕೂರುತ್ತದೆ. ಯುನಿಕೋಡ್‌ನಲ್ಲಿ ಅದೇ ರಕಾರ ಮೊದಲು ಬರಬೇಕು. ಹೀಗಾಗಿ 'ವರ್ಷ', 'ಸೂರ್ಯ' ಥರದ ಪದಗಳು ಕೆಡುವ ಸಾಧ್ಯತೆ ಇದೆ. ಇಂಥ ಪದಗಳನ್ನು ಹುಡುಕಿ, ಕಣ್ಣಾರೆ ನೋಡಿ.

ವಿನ್ಯಾಸದಲ್ಲೂ ಹಾಗೇ. ನಮಗೆ ಚೆಂದದ ವಿನ್ಯಾಸ ಮಾಡಿಕೊಟ್ಟದ್ದು ಮರಾಠಿ ಮಾತಾಡುವ ವಿದ್ಯಾರ್ಥಿನಿ. ಆಕೆ ಇಂಗ್ಲಿಷ್ ಪಠ್ಯ ಹಾಕಿ ನೋಡಿದ್ದಳು, ಎಲ್ಲ ಸರಿ ಕಂಡಿತ್ತು. ಕನ್ನಡ ಹಾಕಿದಾಗ ಬಟನ್‌ಗಳಲ್ಲಿ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗಿತ್ತು. ಕನ್ನಡಕ್ಕೆ ಸಾಲಿನ ಎತ್ತರ 1.6ರಿಂದ 1.8ರವರೆಗೆ ಇಟ್ಟರೆ ಹಾಯಾಗಿ ಓದಬಹುದು. ಪರೀಕ್ಷೆಗೆ 'ರಾಷ್ಟ್ರ', 'ಅಸ್ತ್ರ' ಅಂತ ಹಾಕಿ ನೋಡಿ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನಲ್ಲಿ ನಮೂದಿಸುವುದನ್ನು ಮರೆಯಬೇಡಿ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ಥರದ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು ಅದನ್ನು ನೋಡಿಯೇ ಕನ್ನಡದ ಧ್ವನಿಗೆ ಬದಲಾಗಬಲ್ಲವು. ಅವರೂ ನಮ್ಮ ಓದುಗರೇ ಅಲ್ವಾ?

ಮುಖಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದು ಏನು, ಎಲ್ಲಿ ಡೌನ್‌ಲೋಡ್, ಹೊಸ ಆವೃತ್ತಿ ಯಾವಾಗ ಬಂತು, ದೋಷ ಕಂಡರೆ ಎಲ್ಲಿ ತಿಳಿಸಬೇಕು. ಇಷ್ಟು ಮೊಬೈಲ್ ಪರದೆಯಲ್ಲಿ ತಕ್ಷಣ ಕಾಣಲಿ.

ಇನ್ನು ಜನ. ಪುಣೆಯಲ್ಲಿ ಸಿಗುತ್ತಾರೆ, ಧೈರ್ಯವಾಗಿರಿ. ಭಾರತೀಯ ಭಾಷೆಗಳ ಕಂಪ್ಯೂಟರ್ ಕೆಲಸಕ್ಕೆ ಈ ಊರು ಹಳೆಯ ನೆಲೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ಇಲ್ಲಿದೆ. ಲೋಹಿತ್ ಎಂಬ ಮುಕ್ತ ಕನ್ನಡ ಫಾಂಟನ್ನು ನೋಡಿಕೊಂಡದ್ದೂ ಇಲ್ಲಿಯ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನವರೇ. ಓಪನ್ ಸೋರ್ಸ್ ಆಸಕ್ತರ ಸಂಸ್ಥೆಯಾದ ಫಾಸ್ ಯುನೈಟೆಡ್‌ನ ಪುಣೆ ಕೂಟಗಳಿಗೆ ಹೋಗಿ, ಐದು ನಿಮಿಷ ಮಾತಾಡಿ. ಆದರೆ 'ಸಹಾಯ ಮಾಡಿ' ಅಂದರೆ ಯಾರೂ ಬರುವುದಿಲ್ಲ. 'ಈ ಮೂರು ಪುಟವನ್ನು ಮಾರ್ಕ್‌ಡೌನ್‌ಗೆ ತರಬೇಕು' ಅಂದರೆ ಬರುತ್ತಾರೆ. ಕೋಡ್ ಬಾರದ, ಕನ್ನಡ ಚೆನ್ನಾಗಿ ಬಲ್ಲವರೂ ಬೇಕು. ನಮ್ಮ ಪುಟಗಳ ಕರಡು ತಿದ್ದಿದವರು ನಿವೃತ್ತ ಶಿಕ್ಷಕಿ. ಗಣೇಶನಗರದ ಕನ್ನಡ ಸಂಘದ ಕಡೆ ವಿಚಾರಿಸಿದರೆ ಅಂಥವರು ನಿಮಗೂ ಸಿಕ್ಕಾರು.

ಹೊಸ ಸೈಟ್ ತೆರೆಯುವ ದಿನವನ್ನು ಗಣೇಶೋತ್ಸವದ ಹತ್ತು ದಿನಗಳಲ್ಲಿ ಮಾತ್ರ ಇಡಬೇಡಿ, ಆಗ ಇಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ಹಳೆಯ ಸೈಟಿನ ಡೇಟಾಬೇಸ್ ಮತ್ತು ಫೈಲ್‌ಗಳ ಪೂರ್ತಿ ಪ್ರತಿಯನ್ನು ಎರಡು ಕಡೆ ಇಟ್ಟು, ಆಮೇಲೆ ಸರ್ವರ್ ಬಂದ್ ಮಾಡಿ.